ಸ್ಕ್ಯಾನರ್ ಹಿಂದೆ ಯಾವ ಬ್ಯಾಂಕು?

ಪೇಟೆ ಬೀದಿಯ ದಿನಸಿ ಅಂಗಡಿಯವರಿಗೆ, ಬೇಕರಿಯವರಿಗೆ, ಟೀ ಅಂಗಡಿ ಮತ್ತು ತಳ್ಳುಗಾಡಿಯವರಿಗೆ, ಮನೆಯಿಂದಲೇ ಹಪ್ಪಳ, ಚಟ್ನಿಪುಡಿ ಮಾರುವ ಅಕ್ಕಂದಿರಿಗೆ,

2025ರ ಜುಲೈ ತಿಂಗಳಲ್ಲಿ, ತೆರಿಗೆ ನೋಟಿಸಿನ ಭಯಕ್ಕೆ, ನಿಮ್ಮಲ್ಲಿ ಅನೇಕರು ಸ್ಕ್ಯಾನರ್ ಮೇಲೆ ಬಿಳಿ ಹಾಳೆ ಅಂಟಿಸಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಬರೆದಿದ್ದಿರಿ. ಹಾಳೆಗಳು ಬಹುಪಾಲು ಉದುರಿ ಹೋದವು. ಅದರ ಹಿಂದಿದ್ದ ಅನುಮಾನ ಮಾತ್ರ ಉಳಿದುಕೊಂಡಿದೆ. ‘ಸಾರ್, ಬ್ಯಾಂಕಿನಲ್ಲಿ ಇದ್ದೋರು ನೀವು, ಇದನ್ನ ಬಿಟ್ಟು ಬೇರೆ ಯಾವುದು ಹಾಕಿಸಲಿ ಹೇಳಿ’ ಎಂದು ಬೇಳೆ ತೂಗುತ್ತಾ ಒಬ್ಬರು ಕೇಳುತ್ತಾರೆ, ಟೀ ಲೋಟ ಮುಂದಿಡುತ್ತಾ ಇನ್ನೊಬ್ಬರು. ಹಿಂದೆ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಅದಕ್ಕೇ ಈ ಪತ್ರ.

ನೇರವಾಗಿ ಹೇಳಿಬಿಡುತ್ತೇನೆ. ನೀವು ಕೇಳುವುದು ‘ಯಾವ ಆ್ಯಪ್ ಒಳ್ಳೇದು’ ಅಂತ. ಆ್ಯಪ್ ಯಾವುದಾದರೂ ನಡೆಯುತ್ತದೆ. ನೀವು ವಿಚಾರಿಸಬೇಕಾದದ್ದು ಆ ಸ್ಕ್ಯಾನರಿನ ಬಣ್ಣದ ಹಲಗೆಯ ಹಿಂದೆ ಯಾವ ಬ್ಯಾಂಕಿದೆ ಎಂಬುದನ್ನು.

ಗಾಜಿನ ಮೇಲೆ ಮೂರು ಸ್ಕ್ಯಾನರ್ ಅಂಟಿಸಿಕೊಂಡ ಅಂಗಡಿಗಳನ್ನು ನಮ್ಮ ಬೀದಿಯಲ್ಲೇ ಕಾಣುತ್ತೇನೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂಬ ಲೆಕ್ಕ. ಗಿರಾಕಿಯ ಅನುಕೂಲಕ್ಕೆಂದರೆ ಅದರ ಅಗತ್ಯವೇ ಇಲ್ಲ. ಒಂದು ಕಂಪನಿಯ ಗಿರಾಕಿ ಮಾತ್ರ ಓದಬಲ್ಲಂಥ ಹೊಸ ಕ್ಯೂಆರ್ ಕೋಡ್ ತರಕೂಡದೆಂದು ರಿಸರ್ವ್ ಬ್ಯಾಂಕು 2020ರ ಅಕ್ಟೋಬರಿನಲ್ಲೇ ಹೇಳಿತು. ಇದ್ದ ಅಂಥವನ್ನೂ 2022ರ ಮಾರ್ಚ್ ಒಳಗೆ ಬದಲಿಸಬೇಕೆಂದು ಗಡುವು ಕೊಟ್ಟಿತು. ಹಾಗಾಗಿ ಫೋನ್‌ಪೇ ಹಲಗೆಗೆ ಗೂಗಲ್ ಪೇಯಿಂದ, ಪೇಟಿಎಂ ಹಲಗೆಗೆ ಭೀಮ್‌ನಿಂದ ದುಡ್ಡು ಬೀಳುತ್ತದೆ. ಇನ್ನು ಭದ್ರತೆಯ ದೃಷ್ಟಿಯಿಂದ ನೋಡಿದರೆ, ಆ ಮೂರೂ ಹಲಗೆಗಳ ಹಣ ಹೋಗಿ ಸೇರುವುದು ನಿಮ್ಮ ಒಂದೇ ಖಾತೆಗೆ. ಆ ಖಾತೆಗೆ ಏನಾದರೂ ಆದರೆ ಮೂರೂ ಒಟ್ಟಿಗೇ ಮಲಗುತ್ತವೆ.

ಗಿರಾಕಿ ಸ್ಕ್ಯಾನ್ ಮಾಡಿದಾಗ ನಡೆಯುವುದು ಇಷ್ಟು. ಅವನ ಬ್ಯಾಂಕು ಅವನ ಖಾತೆಯಿಂದ ಹಣ ಕಳೆಯುತ್ತದೆ. ಮುಂಬೈಯ ಎನ್‌ಪಿಸಿಐ ಎಂಬ ಸಂಸ್ಥೆ ಆ ಸಂದೇಶವನ್ನು ಆಚೆಯ ಬ್ಯಾಂಕಿಗೆ ದಾಟಿಸುತ್ತದೆ. ರಿಸರ್ವ್ ಬ್ಯಾಂಕು ಮತ್ತು ಬ್ಯಾಂಕುಗಳ ಸಂಘ ಸೇರಿ 2008ರಲ್ಲಿ ಕಟ್ಟಿದ ಸಂಸ್ಥೆ ಅದು. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರು ಮಾಡಿದ್ದೂ ಅದೇ. ನಿಮ್ಮ ಕಡೆ ಇರುವುದು ಒಂದು ಬ್ಯಾಂಕೆಂದು ನೀವು ತಿಳಿದಿದ್ದೀರಿ. ಸಾಮಾನ್ಯವಾಗಿ ಎರಡಿರುತ್ತವೆ. ಒಂದು, ಕೊನೆಗೆ ಹಣ ಜಮೆಯಾಗುವ ನಿಮ್ಮ ಬ್ಯಾಂಕು. ಇನ್ನೊಂದು, ಆ್ಯಪ್ ಕಂಪನಿಯ ಬೆನ್ನಿಗೆ ನಿಂತು ನಿಮ್ಮ ಯುಪಿಐ ಐಡಿ ಕೊಟ್ಟ ಬ್ಯಾಂಕು. ಆ್ಯಪ್ ಕಂಪನಿಗೆ ತಾನಾಗಿಯೇ ಯುಪಿಐ ಒಳಗೆ ಕಾಲಿಡುವ ಹಕ್ಕಿಲ್ಲ; ಯಾವುದಾದರೊಂದು ಬ್ಯಾಂಕಿನ ಕೈ ಹಿಡಿದೇ ಬರಬೇಕು. ಆ ಬ್ಯಾಂಕು ಯಾವುದೆಂದು ತಿಳಿಯಲು ನಿಮ್ಮ ಐಡಿಯಲ್ಲಿ ‘ಅಟ್’ ಗುರುತಿನ ಆಚೆ ಏನಿದೆ ನೋಡಿ. ವೈಬಿಎಲ್ ಎಂದಿದ್ದರೆ ಯೆಸ್ ಬ್ಯಾಂಕು. ಓಕೆಆ್ಯಕ್ಸಿಸ್ ಎಂದಿದ್ದರೆ ಆ್ಯಕ್ಸಿಸ್. ಸಿಎನ್‌ಆರ್‌ಬಿ ಎಂದಿದ್ದರೆ ಕೆನರಾ.

ಈ ಎರಡನೇ ಬ್ಯಾಂಕು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ದೇಶ ಎರಡು ಸಲ ನೋಡಿದೆ.

2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ವ್ಯವಹಾರಕ್ಕೆ ತಡೆ ಹಾಕಿತು. ಖಾತೆದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅದು ಯೆಸ್ ಬ್ಯಾಂಕಿನ ಖಾತೆದಾರರ ಗೋಳು, ನಮಗೇನು ಎಂದುಕೊಂಡವರಿಗೆ ಅಂದೇ ರಾತ್ರಿ ಗೊತ್ತಾಯಿತು. ನಮ್ಮ ಬೆಂಗಳೂರಿನದ್ದೇ ಕಂಪನಿಯಾದ ಫೋನ್‌ಪೇ ಆಗ ಒಂದೇ ಬ್ಯಾಂಕನ್ನು ನೆಚ್ಚಿಕೊಂಡಿತ್ತು, ಅದೂ ಯೆಸ್ ಬ್ಯಾಂಕನ್ನು. ಇಡೀ ಆ್ಯಪ್ ನಿಂತುಹೋಯಿತು. ಸ್ಟೇಟ್ ಬ್ಯಾಂಕಿನಲ್ಲೋ ಕೆನರಾದಲ್ಲೋ ಖಾತೆ ಇಟ್ಟು, ಯೆಸ್ ಬ್ಯಾಂಕಿನ ಶಾಖೆ ಎಲ್ಲಿದೆಯೆಂದೂ ಗೊತ್ತಿಲ್ಲದ ಅಂಗಡಿಯವನ ಸ್ಕ್ಯಾನರೂ ಕೆಲಸ ಮಾಡಲಿಲ್ಲ. ಕಂಪನಿ ಸುಮಾರು ಒಂದು ದಿನದಲ್ಲಿ ಐಸಿಐಸಿಐ ಬ್ಯಾಂಕಿನ ಆಸರೆ ಪಡೆದು ಎದ್ದು ನಿಂತಿತು. ಆ ಚುರುಕನ್ನು ಮೆಚ್ಚಲೇಬೇಕು. ಆದರೆ ಒಂದು ದಿನದ ವ್ಯಾಪಾರ ಎಂದರೆ ಏನೆಂದು ಹಾಲು, ಹೂವು ಮಾರುವವರನ್ನು ಕೇಳಿ.

ಅದೇ ಹೊತ್ತಿಗೆ ಪೇಟಿಎಂ ಪೇಮೆಂಟ್ಸ್ ಬ್ಯಾಂಕು ಟ್ವಿಟರ್‌ನಲ್ಲಿ ಎಲ್ಲರಿಗೂ ಕಾಣುವಂತೆಯೇ, ನಮ್ಮಲ್ಲಿಗೆ ಬನ್ನಿ ಎಂದು ಫೋನ್‌ಪೇಗೆ ಆಹ್ವಾನ ಕೊಟ್ಟಿತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2024ರ ಜನವರಿ 31ರಂದು, ರಿಸರ್ವ್ ಬ್ಯಾಂಕಿನ ಕಣ್ಣು ಆ ಬ್ಯಾಂಕಿನ ಮೇಲೇ ಬಿತ್ತು. ಫೆಬ್ರುವರಿ 29ರ ನಂತರ ಹೊಸ ಜಮೆ ತೆಗೆದುಕೊಳ್ಳಬಾರದು ಎಂದು ಆದೇಶವಾಯಿತು, ಆಮೇಲೆ ಗಡುವು ಮಾರ್ಚ್ 15ಕ್ಕೆ ಹೋಯಿತು. ಪೇಟಿಎಂ ಸ್ಕ್ಯಾನರ್ ಇಟ್ಟವರಲ್ಲಿ ಯಾರ ಹಣ ಬೇರೆ ಬ್ಯಾಂಕಿನ ಖಾತೆಗೆ ಹೋಗುತ್ತಿತ್ತೋ ಅವರ ಹಲಗೆಯೂ, ಹಣ ಬಂತೆಂದು ಕೂಗುವ ಪೆಟ್ಟಿಗೆಯೂ ನಡೆದವು. ಯಾರು ಆ ಪೇಮೆಂಟ್ಸ್ ಬ್ಯಾಂಕಿನಲ್ಲೇ ಖಾತೆ ತೆರೆದು ಅಲ್ಲಿಗೇ ಜಮೆ ಮಾಡಿಸಿಕೊಳ್ಳುತ್ತಿದ್ದರೋ ಅವರು ಖಾತೆ ಬದಲಿಸಲು ಓಡಾಡಬೇಕಾಯಿತು. ಒಂದೇ ಬಣ್ಣದ ಹಲಗೆ, ಒಂದೇ ದನಿಯ ಪೆಟ್ಟಿಗೆ. ಒಬ್ಬರಿಗೆ ಏನೂ ಆಗಲಿಲ್ಲ, ಪಕ್ಕದ ಅಂಗಡಿಯವರಿಗೆ ಪೇಚಾಟ. ಮಾರ್ಚ್ 14ರಂದು ಎನ್‌ಪಿಸಿಐ ಪೇಟಿಎಂಗೆ ಬೇರೆ ನಾಲ್ಕು ಬ್ಯಾಂಕುಗಳ ಮೂಲಕ ಮುಂದುವರಿಯಲು ಅನುಮತಿ ಕೊಟ್ಟಿತು. ಅಂಗಡಿಗಳ ಸ್ಕ್ಯಾನರ್‌ಗಳ ಹೊಣೆ ಬಿದ್ದದ್ದು ಯಾರ ಮೇಲೆ ಗೊತ್ತೇ? ಯೆಸ್ ಬ್ಯಾಂಕಿನ ಮೇಲೆ. ಹಣಕಾಸಿನ ಲೋಕದಲ್ಲಿ ಯಾರನ್ನೂ ಪೂರ್ತಿ ಸತ್ತರೆಂದು ಬರೆಯಬಾರದು, ಪೂರ್ತಿ ಗಟ್ಟಿ ಎಂದೂ ಬರೆಯಬಾರದು.

ದೊಡ್ಡ ಹೆಸರಿನ ಬ್ಯಾಂಕಿದ್ದರೆ ಸಾಕಲ್ಲವೇ ಎನ್ನಬಹುದು. ಹೆಸರೊಂದೇ ಸಾಲದು. ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಖಾತೆದಾರರಿಗೆ ಸಿಕ್ಕಿದ್ದು 35,000 ರೂಪಾಯಿ ಮಿತಿ. ಅಲ್ಲಿ ದುಡ್ಡಿಟ್ಟವರು ಅನಕ್ಷರಸ್ಥರೇನೂ ಆಗಿರಲಿಲ್ಲ. ಗಟ್ಟಿಯಾಗಿದ್ದ ಬ್ಯಾಂಕುಗಳೂ ಹೆಸರು ಕಳೆದುಕೊಂಡದ್ದನ್ನು ನಾವು ಕನ್ನಡಿಗರು ಕಂಡಿದ್ದೇವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆಯವುಗಳಲ್ಲಿ ಕರಗಿದವು. ಹಣಕ್ಕೇನೂ ಆಗಲಿಲ್ಲ, ನಿಜ. ಆದರೆ ಐಎಫ್‌ಎಸ್‌ಸಿ ಬದಲಾಯಿತು, ಚೆಕ್ ಪುಸ್ತಕ ಬದಲಾಯಿತು, ಆ್ಯಪ್ ಬದಲಾಯಿತು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿ, ಬಳ್ಳಾರಿ ಕೇಂದ್ರವಾಗಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕಾದವು.

ಆದ್ದರಿಂದ ನನ್ನ ಸಲಹೆ ಹೀಗೆ. ಈಗಿರುವ ಸ್ಕ್ಯಾನರ್ ಇರಲಿ, ಕೀಳಬೇಡಿ. ಬೇರೊಂದು ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆಯಿರಿ, ಚಾಲ್ತಿ ಖಾತೆಯಾದರೆ ಒಳ್ಳೆಯದು. ಆ ಬ್ಯಾಂಕೇ ಕೊಡುವ ಕ್ಯೂಆರ್ ಕೇಳಿ ಪಡೆಯಿರಿ. ಸ್ಟೇಟ್ ಬ್ಯಾಂಕು, ಕೆನರಾ ಮುಂತಾದ ದೊಡ್ಡ ಬ್ಯಾಂಕುಗಳೆಲ್ಲ ವರ್ತಕರಿಗೆ ತಮ್ಮದೇ ಕ್ಯೂಆರ್ ಕೊಡುತ್ತವೆ. ಕೌಂಟರಿನಲ್ಲಿ ಕೂತ ಹುಡುಗ ‘ಅದೆಲ್ಲ ಯಾಕೆ ಸಾರ್, ಫೋನ್‌ಪೇ ಹಾಕಿಸ್ಕೊಳ್ಳಿ’ ಎಂದರೆ ಮ್ಯಾನೇಜರ್ ಹತ್ತಿರ ಹೋಗಿ. ಬ್ಯಾಂಕಿನದೇ ಕ್ಯೂಆರ್ ಆದರೆ ನಡುವೆ ಇನ್ನೊಬ್ಬರಿಲ್ಲ. ಐಡಿ ಕೊಟ್ಟವರೂ ಅವರೇ, ಜಮೆ ಮಾಡುವವರೂ ಅವರೇ. ತಕರಾರು ಬಂದರೆ ನಿಮ್ಮ ಊರಿನಲ್ಲೇ ಒಂದು ಮೇಜು, ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾರೆ. ಈ ಎರಡನೇ ಹಲಗೆಯನ್ನು ಗಲ್ಲಾದೊಳಗೆ ಇಟ್ಟುಕೊಂಡರೂ ಸರಿ, ಆದರೆ ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸಿ. ಬಳಸದೇ ಬಿಟ್ಟ ಖಾತೆ ಬೇಕಾದ ದಿನವೇ ಕೆವೈಸಿ ಕೇಳುತ್ತದೆ.

ಬೇರೆ ಬ್ಯಾಂಕು ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಬ್ಯಾಂಕು ಮುಳುಗುವುದಕ್ಕಿಂತ ನಿಮಗೆ ಹೆಚ್ಚು ಹತ್ತಿರದ ಅಪಾಯ ಅದು. ಯಾರನ್ನೋ ಆನ್‌ಲೈನ್‌ನಲ್ಲಿ ವಂಚಿಸಿದವನು ಆ ದುಡ್ಡಿನಲ್ಲೇ ನಿಮ್ಮಲ್ಲಿ ಸಿಗರೇಟೋ ಬಿರಿಯಾನಿಯೋ ಕೊಳ್ಳುತ್ತಾನೆ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾರೆ, ಕೊಡಲೇಬೇಕು. ಪೊಲೀಸರು ಹಣ ಹೋದ ದಾರಿ ಹಿಡಿದು ಒಂದೊಂದೇ ಖಾತೆಗೆ ತಡೆ ಹಾಕುತ್ತಾ ಬರುತ್ತಾರೆ. ದಾರಿಯ ತುದಿಯಲ್ಲಿ ನೀವಿರುತ್ತೀರಿ. ಕೆಲವೇ ನೂರು ರೂಪಾಯಿಯ ವ್ಯಾಪಾರಕ್ಕೆ ಇಡೀ ಖಾತೆ ಹೆಪ್ಪುಗಟ್ಟಿದ ಪ್ರಸಂಗಗಳು ದೇಶದ ತುಂಬಾ ಆಗಿವೆ. ದೂರು ದಾಖಲಾದದ್ದು ಇನ್ಯಾವುದೋ ರಾಜ್ಯದ ಠಾಣೆಯಲ್ಲಿ, ಅಲ್ಲಿನ ಭಾಷೆ ನಿಮಗೆ ಬಾರದು. ಅನುಮಾನವಿರುವ ಮೊತ್ತಕ್ಕಷ್ಟೇ ತಡೆ ಇರಬೇಕು, ಇಡೀ ಖಾತೆಗಲ್ಲ ಎಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿತು. ಬ್ಯಾಂಕಿಗೆ ಅರ್ಜಿ ಬರೆಯುವಾಗ ಅದನ್ನು ಉಲ್ಲೇಖಿಸಿ, ಅಂದಿನ ಬಿಲ್ಲು ಲಗತ್ತಿಸಿ. ಆದರೆ ತಡೆ ತೆರವಾಗುವ ತನಕ ಸಗಟು ವ್ಯಾಪಾರಿಗೆ ಕೊಡಲು, ಹುಡುಗರ ಸಂಬಳಕ್ಕೆ ದುಡ್ಡು ಬೇಕಲ್ಲ? ಅದಕ್ಕೇ ಆ ಇನ್ನೊಂದು ಖಾತೆ. ಮನೆಯ ಉಳಿತಾಯ, ಮಗಳ ಫೀಸಿನ ದುಡ್ಡು ಸ್ಕ್ಯಾನರ್ ಖಾತೆಯಲ್ಲಿ ಇರಲೇಬಾರದು.

ಈಗ ತೆರಿಗೆಯ ಮಾತು. ಅದನ್ನು ಬಿಟ್ಟು ಇದನ್ನೆಲ್ಲ ಬರೆದರೆ ಪತ್ರ ಅಪ್ರಾಮಾಣಿಕವಾದೀತು. 2025ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ ಸ್ಕ್ಯಾನರ್ ಜಮೆ ನೋಡಿ 29 ಲಕ್ಷ ರೂಪಾಯಿ ಕಟ್ಟಿ ಎಂದಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ಕಂಪ್ಯೂಟರಿಗೆ ಹೊಳೆಯಲಿಲ್ಲ. ನೀವು ಸಿಟ್ಟಾದದ್ದು ಸರಿಯೇ. ಜುಲೈ 25ಕ್ಕೆ ಬಂದ್ ಎಂದಿರಿ. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲು ಮಾಡುವುದಿಲ್ಲ ಎಂದರು.

ಆ ಭಯದಲ್ಲಿ ನಿಮ್ಮಲ್ಲಿ ಕೆಲವರು ಆರಿಸಿಕೊಂಡ ಬದಲಿ ದಾರಿ ನಗದು. ಇನ್ನು ಕೆಲವರು ಹೆಂಡತಿಯ, ತಮ್ಮನ, ಅಂಗಡಿ ಹುಡುಗನ ಫೋನ್ ನಂಬರನ್ನು ಗಾಜಿಗೆ ಬರೆದರು. ಎರಡೂ ಬೇಡ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಎಂಬ ನೋಂದಣಿ ಮಿತಿ ಇಡೀ ವಹಿವಾಟಿಗೆ ಅನ್ವಯಿಸುತ್ತದೆ. ನಗದಿನಲ್ಲಿ ಬಂದದ್ದೂ ಅದರಲ್ಲಿ ಸೇರಿತು. ಹೋಟೆಲು ಈ ಲೆಕ್ಕದಲ್ಲಿ ಸೇವೆ ಎಂಬುದು ಇಡ್ಲಿ ಹಾಕುವ ಎಷ್ಟೋ ಜನರಿಗೆ ತಿಳಿದಿಲ್ಲ. ಮಿತಿ ದಾಟಿದರೆ ರಾಜಿ ತೆರಿಗೆ ಪದ್ಧತಿಯಿದೆ: ಸರಕು ವ್ಯಾಪಾರಕ್ಕೆ ವಹಿವಾಟಿನ ಶೇ 1, ಹೋಟೆಲಿಗೆ ಶೇ 5. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ನೋಟಿಸು ಬಂದ ಅನೇಕರು ನಿಜಕ್ಕೂ ಸಿಕ್ಕಿಬಿದ್ದದ್ದು ಬೇರೆ ಕಾರಣಕ್ಕೆ. ಅಣ್ಣ ಕಳಿಸಿದ ಹಣ, ಚೀಟಿ ಎತ್ತಿದ ಹಣ, ಕೈಸಾಲ, ಹೋಲ್‌ಸೇಲಿನವರು ವಾಪಸು ಕೊಟ್ಟದ್ದು ಎಲ್ಲವೂ ಒಂದೇ ಖಾತೆಗೆ ಬಿದ್ದು, ಯಾವುದು ವ್ಯಾಪಾರ ಯಾವುದು ಮನೆ ಎಂದು ಬಿಡಿಸಿ ಹೇಳಲು ಆಗಲಿಲ್ಲ. ಅಂಗಡಿಗೇ ಎಂದು ಖಾತೆ ಬೇರೆ ಇದ್ದರೆ ಆ ಉತ್ತರ ಪಾಸ್‌ಬುಕ್ಕಿನಲ್ಲೇ ಇರುತ್ತದೆ.

ನಗದನ್ನು ಬಿಟ್ಟೇ ಬಿಡಿ ಎನ್ನುತ್ತಿಲ್ಲ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಕುಂಟಿದ್ದು ಯುಪಿಐ ವ್ಯವಸ್ಥೆಯೇ. ಅಂಥ ದಿನ ನಿಮ್ಮ ಎರಡು ಬ್ಯಾಂಕು, ಮೂರು ಹಲಗೆ ಯಾವುದೂ ಉಪಯೋಗಕ್ಕೆ ಬಾರದು. ಗಲ್ಲಾದಲ್ಲಿ ಚಿಲ್ಲರೆ ಇದ್ದವನು ಮಾರುತ್ತಾನೆ, ಇಲ್ಲದವನು ಉದ್ರಿ ಬರೆದುಕೊಳ್ಳುತ್ತಾನೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದಲೇ ಇ-ರೂಪಾಯಿ ಪ್ರಯೋಗ ನಡೆದಿದೆ, ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ನೋಟು. ಗುಣ ಒಳ್ಳೆಯದು, ಆದರೆ ಕೇಳುವ ಗಿರಾಕಿ ಇನ್ನೂ ನಮ್ಮ ಬೀದಿಗೆ ಬಂದಿಲ್ಲ.

ಯುಪಿಐ ಪುಕ್ಕಟೆ ಎನ್ನುವ ವಿಚಾರಕ್ಕೂ ಎರಡು ಮಾತು. 2020ರ ಜನವರಿಯಿಂದ ಖಾತೆಯಿಂದ ಖಾತೆಗೆ ಹೋಗುವ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ವರ್ತಕರ ಮೇಲೆ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿಗೆ ಇದೆ, ಅದಕ್ಕೆ ಮೇಲ್ಮಿತಿಯೂ ಇಲ್ಲ. ಸಣ್ಣ ಅಂಗಡಿಗಳ 2,000 ರೂಪಾಯಿ ಒಳಗಿನ ಯುಪಿಐ ವ್ಯವಹಾರಕ್ಕೆ ಕೇಂದ್ರ ಸರ್ಕಾರ ಬ್ಯಾಂಕು, ಕಂಪನಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. 2024–25ಕ್ಕೆ ಅದಕ್ಕೆಂದು ತೆಗೆದಿಟ್ಟದ್ದು ಸುಮಾರು 1,500 ಕೋಟಿ. ಕಂಪನಿಗಳ ಹೊಟ್ಟೆಗೆ ಅದು ಸಾಲದು. ಅದಕ್ಕೇ ಮಾತನಾಡುವ ಪೆಟ್ಟಿಗೆಗೆ ತಿಂಗಳ ಬಾಡಿಗೆ, ಅದಕ್ಕೇ ದಿನ ಬಿಟ್ಟು ದಿನ ‘ನಿಮಗೆ ಸಾಲ ಮಂಜೂರಾಗಿದೆ’ ಎಂಬ ಮೆಸೇಜು. ಆ ಸಾಲದ ಕಂತು ದಿನಾ ಸ್ಕ್ಯಾನರ್ ಜಮೆಯಿಂದಲೇ ಕಡಿತವಾಗುವ ಏರ್ಪಾಡು ಬಹಳ ಕಡೆ ಇದೆ. ಅದನ್ನು ತೆಗೆದುಕೊಂಡ ಮೇಲೆ ಆ ಹಲಗೆ ಬಿಟ್ಟು ಬೇರೆಡೆ ಹೋಗುವುದು ಸುಲಭವಲ್ಲ. ಸಾಲ ತಪ್ಪೆನ್ನುವುದಿಲ್ಲ; ಬಡ್ಡಿ ದಿನದ ಲೆಕ್ಕದಲ್ಲಿ ಹೇಳಿದರೆ ವರ್ಷಕ್ಕೆಷ್ಟು ಎಂದು ಗುಣಿಸಿಯೇ ಹೆಬ್ಬೆಟ್ಟು ಒತ್ತಿ. ಪೆಟ್ಟಿಗೆಯಂತೂ ಇರಲಿ. ಜೋರು ವ್ಯಾಪಾರದ ನಡುವೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಕಾವಲಿಲ್ಲ, ಅದೂ ಕನ್ನಡದಲ್ಲೇ ಕೂಗುತ್ತದೆ. ಎರಡೆರಡು ಪೆಟ್ಟಿಗೆಗೆ ಬಾಡಿಗೆ ಕಟ್ಟುವುದು ಮಾತ್ರ ದಂಡ.

ಹಪ್ಪಳದ ಅಕ್ಕಂದಿರಿಗೆ. ವಾಟ್ಸ್ಯಾಪಿನಲ್ಲಿ ಆರ್ಡರ್ ಹಿಡಿದು ಯುಪಿಐನಲ್ಲಿ ಹಣ ಪಡೆಯುವವರೆಗೆ ನಿಮಗೆ ಬೇರೇನೂ ಬೇಡ. ಕಾರ್ಡ್ ಬೇಕು, ಪೇಮೆಂಟ್ ಲಿಂಕ್ ಬೇಕು ಎಂದಾಗ ರೇಜರ್‌ಪೇಯಂಥ ಪೇಮೆಂಟ್ ಗೇಟ್‌ವೇ ಕಂಪನಿಗಳತ್ತ ನೋಡಬೇಕಾಗುತ್ತದೆ. ಅಲ್ಲಿ ಶುಲ್ಕ ಸಾಮಾನ್ಯವಾಗಿ ಶೇ 2ರ ಆಸುಪಾಸು, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಹಣ ನಿಮ್ಮ ಕೈಗೆ ಬರಲು ಒಂದೆರಡು ದಿನ. ಆ ಒಂದೆರಡು ದಿನ ನಿಮ್ಮ ಹಣ ಇನ್ನೊಬ್ಬರಲ್ಲಿರುತ್ತದೆಯಾದ್ದರಿಂದ, ಕಂಪನಿಗೆ ರಿಸರ್ವ್ ಬ್ಯಾಂಕಿನ ಪೇಮೆಂಟ್ ಅಗ್ರಿಗೇಟರ್ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ. ಆ ನಿಯಮ ಬಂದದ್ದು 2020ರಲ್ಲಿ. ಗಿರಾಕಿ ‘ಹಪ್ಪಳ ಮುರಿದಿತ್ತು’ ಎಂದು ಹಣ ವಾಪಸು ಕೇಳಿದರೆ ಕಡಿದುಕೊಂಡ ಶುಲ್ಕ ನಿಮಗೆ ಮರಳುತ್ತದೋ ಇಲ್ಲವೋ ಎಂಬುದನ್ನು ಸೇರುವ ಮುನ್ನವೇ ಕೇಳಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಳಿಸುವವರಿಗೆ ಪೇಪಾಲ್ ಇಂದಿಗೂ ಒಂದು ದಾರಿ. 2021ರ ಏಪ್ರಿಲ್‌ನಿಂದ ಅದು ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದೆ, ಹೊರದೇಶದಿಂದ ಬರುವ ಹಣವನ್ನಲ್ಲ.

ಒಬ್ಬಿಬ್ಬರು ‘ಎಲ್ಲರೂ ಎರಡೇ ಆ್ಯಪ್ ಬಳಸೋದು, ನಾವೊಬ್ಬರು ಬದಲಾದ್ರೆ ಏನು’ ಎಂದಿದ್ದರು. ದೇಶದ ಹತ್ತು ಯುಪಿಐ ಪಾವತಿಗಳಲ್ಲಿ ಸುಮಾರು ಎಂಟು ಫೋನ್‌ಪೇ, ಗೂಗಲ್ ಪೇಗಳಲ್ಲೇ ಆಗುತ್ತಿವೆ ಎಂಬುದು ನಿಜ. ಒಂದು ಆ್ಯಪಿಗೆ ಶೇ 30ಕ್ಕಿಂತ ಹೆಚ್ಚು ಪಾಲಿರಬಾರದೆಂದು ಎನ್‌ಪಿಸಿಐ 2020ರಲ್ಲಿ ನಿಯಮ ಮಾಡಿತು. ಅದರ ಗಡುವು 2022ರಿಂದ 2024ಕ್ಕೆ, ಅಲ್ಲಿಂದ 2026ರ ಡಿಸೆಂಬರ್‌ಗೆ ಜಾರಿತು. ಮೇಲಿನವರು ಮಾಡಲು ಹಿಂಜರಿಯುವ ಕೆಲಸ ಅದು. ನಿಮ್ಮ ಬ್ಯಾಂಕಿನ ಕ್ಯೂಆರ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದಕ್ಕೆ ಅವರ ಗಡುವಿಗೆ ಕಾಯಬೇಕಿಲ್ಲ.

ಹಳೇ ಕಂಪನಿಯನ್ನು ಬಿಡಲೇಬೇಕೆಂದು ತೀರ್ಮಾನಿಸಿದವರು ಪೆಟ್ಟಿಗೆ ಮರಳಿಸಿದ್ದಕ್ಕೆ ರಸೀದಿ ಪಡೆಯಿರಿ. ಆ್ಯಪ್‌ನಲ್ಲಿರುವ ಆಟೋಪೇ ರದ್ದು ಮಾಡಿ, ಇಲ್ಲವಾದರೆ ಪೆಟ್ಟಿಗೆ ಹೋದರೂ ಬಾಡಿಗೆ ಹೋಗುತ್ತಲೇ ಇರುತ್ತದೆ. ಹಳೆಯ ವಹಿವಾಟಿನ ಪಟ್ಟಿಯನ್ನು, ಖಾತೆ ಮುಚ್ಚುವ ಮೊದಲೇ, ವರ್ಷವಾರು ಇಳಿಸಿಟ್ಟುಕೊಳ್ಳಿ. ನೋಟಿಸು ಬಂದರೆ ಕೇಳುವುದು ಅದನ್ನೇ. ಹಣ ಬಾಕಿ ಉಳಿದರೆ ಮೊದಲು ಕಂಪನಿಗೋ ಬ್ಯಾಂಕಿಗೋ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರು ಬೇಡ. ವಿಚಾರಣೆಗೆ ನಂಬರು 14448. ಅರ್ಜಿ ಬರೆಯಲು ಕೈ ನಡುಗುವವರು ಸಂಜೆ ಐದರ ನಂತರ ನಮ್ಮ ಮನೆಗೆ ಬನ್ನಿ, ಪಾಸ್‌ಬುಕ್ ಜತೆಗಿರಲಿ.

ಇಂತಿ,
ನಿಮ್ಮ ಬೀದಿಯ ಗಿರಾಕಿ, ನಿವೃತ್ತ ಬ್ಯಾಂಕ್ ನೌಕರ